ಸಿಒಪಿಡಿಗೆ ಯಾವ ಇನ್ಹೇಲರ್ ಮೇಲು? ಹೋಲಿಕೆ ಗೋಜಲಾದ ಬಗೆ

ಶ್ವಾಸಕೋಶದ ದೀರ್ಘಕಾಲಿಕ ಕಾಯಿಲೆಯಾದ ಸಿಒಪಿಡಿಗೆ ಯಾವ ಇನ್ಹೇಲರ್ ಮೇಲು ಎಂಬ ಪ್ರಶ್ನೆಗೆ ಸಾವಿರಾರು ರೋಗಿಗಳನ್ನು ಒಳಗೊಂಡ ಅಧ್ಯಯನಗಳು ಒಂದರ ಹಿಂದೊಂದು ಉತ್ತರ ಕೊಟ್ಟಿವೆ. ಆದರೆ ಆ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ.

ಶ್ವಾಸನಾಳ ಹಿಗ್ಗಿಸುವ ಔಷಧಗಳಲ್ಲಿ ಎರಡು ಕುಲಗಳಿವೆ. ಒಂದು ಬೀಟಾ-2 ಗ್ರಾಹಕಗಳನ್ನು ಪ್ರಚೋದಿಸಿ ನಾಳದ ಸ್ನಾಯುವನ್ನು ಸಡಿಲಿಸುತ್ತದೆ. ಇನ್ನೊಂದು, ಸ್ನಾಯುವನ್ನು ಬಿಗಿಗೊಳಿಸುವ ಅಸಿಟೈಲ್‌ಕೋಲಿನ್‌ನ ಸಂಕೇತವನ್ನೇ ತಡೆಯುತ್ತದೆ. ಉಬ್ಬಸಕ್ಕೆಂದು ಉಮ್ಮತ್ತಿಯ ಎಲೆಯ ಹೊಗೆ ಸೇದುತ್ತಿದ್ದವರು ತಿಳಿಯದೆಯೇ ಎರಡನೆಯದನ್ನು ಬಳಸುತ್ತಿದ್ದರು. 1956ರಲ್ಲಿ ಅಳತೆಯ ಪ್ರಮಾಣ ಚಿಮ್ಮಿಸುವ ಇನ್ಹೇಲರ್, 1969ರಲ್ಲಿ ಮೊದಲ ಕುಲದ ಸಾಲ್ಬುಟಮಾಲ್, ಆಮೇಲೆ ಎರಡನೆಯ ಕುಲದ ಇಪ್ರಟ್ರೋಪಿಯಂ, 1990ರ ದಶಕದಲ್ಲಿ ಹನ್ನೆರಡು ಗಂಟೆ ನಿಲ್ಲುವ, ಮೊದಲ ಕುಲದ ಸಾಲ್ಮೆಟೆರಾಲ್, ಹೊಸ ಶತಮಾನದ ಆರಂಭದಲ್ಲಿ ದಿನಕ್ಕೊಮ್ಮೆಯ, ಎರಡನೆಯ ಕುಲದ ಟಿಯೋಟ್ರೋಪಿಯಂ ಬಂದವು.

ಮೊದಮೊದಲು ಅಳೆದದ್ದು, ರೋಗಿ ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬರುತ್ತದೆ ಎಂಬುದನ್ನು. ಈ ಅಳತೆ ವರ್ಷದಿಂದ ವರ್ಷಕ್ಕೆ ಕುಸಿಯುವುದನ್ನು ಔಷಧ ತಡೆದೀತೆಂಬ ಆಸೆ 1994ರಲ್ಲಿ ಇಪ್ರಟ್ರೋಪಿಯಂ ವಿಷಯದಲ್ಲಿ, 2008ರಲ್ಲಿ 5,993 ರೋಗಿಗಳನ್ನು ನಾಲ್ಕು ವರ್ಷ ಗಮನಿಸಿದ ಅಪ್‌ಲಿಫ್ಟ್ ಅಧ್ಯಯನದಲ್ಲಿ ಟಿಯೋಟ್ರೋಪಿಯಂ ವಿಷಯದಲ್ಲಿ ಈಡೇರಲಿಲ್ಲ. ಕುಸಿತದ ವೇಗ ತಗ್ಗಿದ್ದು ಧೂಮಪಾನ ಬಿಟ್ಟವರಲ್ಲಿ. ಅಲ್ಲಿಂದ ಗಮನ, ಕಾಯಿಲೆ ಹಠಾತ್ತಾಗಿ ಉಲ್ಬಣಿಸುವ ಸಂದರ್ಭಗಳ ಕಡೆ ತಿರುಗಿತು.

2011ರ ಪೊಯೆಟ್ ಅಧ್ಯಯನ 7,376 ರೋಗಿಗಳಲ್ಲಿ ಎರಡು ಕುಲಗಳನ್ನು ನೇರವಾಗಿ ಎದುರುಬದುರು ನಿಲ್ಲಿಸಿತು. ಮೊದಲ ಉಲ್ಬಣಕ್ಕೆ ಟಿಯೋಟ್ರೋಪಿಯಂ ಗುಂಪಿನಲ್ಲಿ 187 ದಿನ, ಸಾಲ್ಮೆಟೆರಾಲ್ ಗುಂಪಿನಲ್ಲಿ 145 ದಿನ ಹಿಡಿಯಿತು. ಈ ದಿನಗಳು ಸರಾಸರಿ ರೋಗಿಯವಲ್ಲ, ಪ್ರತಿ ಗುಂಪಿನ ಕಾಲು ಭಾಗದಷ್ಟು ಜನರಿಗೆ ಉಲ್ಬಣವಾಗಲು ಹಿಡಿದ ಕಾಲ. ಅಂಕಿ ಉಲ್ಲೇಖಿಸುವವರು ಈ ಷರತ್ತನ್ನು ಹೇಳುವುದು ಅಪರೂಪ.

ನಿಜವಾದ ಕಗ್ಗಂಟು ಬಿದ್ದದ್ದು ಎರಡೂ ಕುಲಗಳನ್ನು ಒಂದೇ ಸಾಧನದಲ್ಲಿ ಸೇರಿಸಿ, ಅದನ್ನು ಮೊದಲ ಕುಲದ ಔಷಧದ ಜೊತೆ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಬೆರೆತ ಇನ್ಹೇಲರ್‌ಗೆ ಹೋಲಿಸಿದಾಗ. 2016ರ ಫ್ಲೇಮ್ ಅಧ್ಯಯನದಲ್ಲಿ ಇಂಡಕಾಟೆರಾಲ್ ಮತ್ತು ಗ್ಲೈಕೊಪಿರೋನಿಯಂ ಜೋಡಿ, ಸ್ಟೀರಾಯ್ಡ್ ಸೇರಿದ ಜೋಡಿಗಿಂತ ಉಲ್ಬಣಗಳನ್ನು ಶೇಕಡಾ 11ರಷ್ಟು ಹೆಚ್ಚು ತಗ್ಗಿಸಿತು. ಎರಡೇ ವರ್ಷಕ್ಕೆ, 10,355 ರೋಗಿಗಳ ಇಂಪ್ಯಾಕ್ಟ್ ಅಧ್ಯಯನದಲ್ಲಿ ಫಲಿತಾಂಶ ತಿರುಗುಮುರುಗಾಯಿತು: ವರ್ಷಕ್ಕೆ ಸರಾಸರಿ ಉಲ್ಬಣಗಳು ಸ್ಟೀರಾಯ್ಡ್ ಇರುವ ಜೋಡಿಯಲ್ಲಿ 1.07, ಅದಿಲ್ಲದ ಜೋಡಿಯಲ್ಲಿ 1.21, ಮೂರೂ ಸೇರಿದಾಗ 0.91.

ಔಷಧಗಳ ಹೆಸರು ಬೇರೆ ಎಂಬುದಷ್ಟೇ ಇದಕ್ಕೆ ಕಾರಣವಲ್ಲ. ಫ್ಲೇಮ್‌ನಲ್ಲಿ ಎಲ್ಲರಿಗೂ ಮೊದಲ ನಾಲ್ಕು ವಾರ ಟಿಯೋಟ್ರೋಪಿಯಂ ಕೊಡಲಾಯಿತು. ಸ್ಟೀರಾಯ್ಡ್ ಇಲ್ಲದೆ ತಡೆಯಲಾಗದವರು ಅಲ್ಲೇ ಉದುರಿಹೋಗಿರುವ ಸಾಧ್ಯತೆ ಇದೆ. ಇಂಪ್ಯಾಕ್ಟ್‌ಗೆ ಸೇರಿದ ಬಹಳಷ್ಟು ಮಂದಿ ಆಗಲೇ ಸ್ಟೀರಾಯ್ಡ್ ಬಳಸುತ್ತಿದ್ದರು, ಹಿಂದೆ ಆಸ್ತಮಾ ಇದ್ದವರಿಗೂ ಬಾಗಿಲು ಮುಚ್ಚಿರಲಿಲ್ಲ. ಅಂಥವರಲ್ಲಿ ಒಂದು ಪಾಲು ಜನರ ಸ್ಟೀರಾಯ್ಡ್ ಒಮ್ಮೆಗೇ ನಿಂತಿತು. ಹೀಗಿರುವಾಗ ಅಳೆದದ್ದು ಹೊಸ ಔಷಧದ ಬಲವನ್ನೋ, ಹಳೆಯದನ್ನು ನಿಲ್ಲಿಸಿದ ಪರಿಣಾಮವನ್ನೋ ಎಂದು ಕೇಳದೆ ಫಲಿತಾಂಶ ಓದುವುದು ಕಷ್ಟ. ಯಾರನ್ನು ಆರಿಸಿದರು, ಯಾವುದಕ್ಕೆ ಹೋಲಿಸಿದರು ಎಂಬೆರಡರಲ್ಲೇ ಅರ್ಧ ಉತ್ತರ ಅಡಗಿರುತ್ತದೆ.

ಇಂದಿನ ಮಾರ್ಗಸೂಚಿಗಳು ರಾಜಿಯ ದಾರಿ ಹಿಡಿದಿವೆ. ಸಿಒಪಿಡಿ ಚಿಕಿತ್ಸೆಗೆ ಜಾಗತಿಕ ಮಾರ್ಗಸೂಚಿ ಕೊಡುವ ಗೋಲ್ಡ್ ಸಂಸ್ಥೆಯ 2023ರ ವರದಿ, ಏದುಸಿರು ಹೆಚ್ಚಿರುವವರಿಗೂ ಉಲ್ಬಣ ಮರುಕಳಿಸುವವರಿಗೂ ಎರಡು ಕುಲಗಳ ಜೋಡಿಯನ್ನೇ ಆರಂಭದಲ್ಲಿ ಸೂಚಿಸಿ, ಉಲ್ಬಣವಾಗುವವರ ರಕ್ತದಲ್ಲಿ ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಮೈಕ್ರೋಲೀಟರಿಗೆ 300 ಅಥವಾ ಹೆಚ್ಚಿದ್ದರೆ ಸ್ಟೀರಾಯ್ಡ್ ಸೇರಿಸುವುದನ್ನು ಪರಿಗಣಿಸಬಹುದೆನ್ನುತ್ತದೆ. ಜೋಡಿ ಮತ್ತು ಮೂರೂ ಸೇರಿದ ಇನ್ಹೇಲರ್‌ಗಳ ನಡುವಿನ ಜಗಳ ಹೀಗೆ ರಕ್ತಪರೀಕ್ಷೆಯ ಒಂದು ಅಂಕಿಯ ಮೇಲೆ ಬಂದು ನಿಂತಿದೆ.

ಸಾಧನದ ಮಾತು ಈ ಎಲ್ಲ ಚರ್ಚೆಯಲ್ಲಿ ಹಿಂದೆ ಸರಿದಿದೆ. ಒಣ ಪುಡಿಯ ಇನ್ಹೇಲರ್ ಅನ್ನು ಜೋರಾಗಿ, ಒಂದೇ ಉಸಿರಿಗೆ ಎಳೆಯಬೇಕು. ಒತ್ತಿ ಚಿಮ್ಮಿಸುವುದನ್ನು ನಿಧಾನವಾಗಿ ಎಳೆಯಬೇಕು. ಎರಡನ್ನೂ ಒಂದೇ ರೀತಿ ಸೇದಿದರೆ ಒಂದು ಔಷಧ ಬಾಯಲ್ಲೇ ಉಳಿಯುತ್ತದೆ. ಅಧ್ಯಯನಗಳಲ್ಲಿ ರೋಗಿಗೆ ಇದನ್ನು ಕಲಿಸಿ ಪರೀಕ್ಷಿಸುವವರಿರುತ್ತಾರೆ. ಚೀಟಿ ಬರೆದುಕೊಟ್ಟಲ್ಲೆಲ್ಲ ಅವರು ಇರುವುದಿಲ್ಲ.