ಬೊಂಬೆ ಬಂತು, ಕಲಿಸುವವರೆಲ್ಲಿ?

ವೃದ್ಧರ ಶುಶ್ರೂಷೆ ಕಲಿಸುವ ಕಾಲೇಜಿಗೆ ದತ್ತಿ ಕೊಡುವವರು ಸಾಮಾನ್ಯವಾಗಿ ತೀರ್ಮಾನ ಮಾಡಿಕೊಂಡೇ ಬರುತ್ತಾರೆ: ಒಂದು ಲ್ಯಾಬ್, ಅದರಲ್ಲೊಂದು ಮ್ಯಾನಿಕಿನ್ (ರೋಗಿಯ ಬದಲು ಅಭ್ಯಾಸಕ್ಕೆ ಬಳಸುವ ಬೊಂಬೆ), ಬಾಗಿಲ ಮೇಲೆ ತಂದೆಯವರ ಹೆಸರು. ಕಲಿಸುವವರ ಸಂಬಳಕ್ಕೆ ಕೊಡಿ ಎಂದರೆ ಮುಖ ಸಪ್ಪಗಾಗುತ್ತದೆ. ಸಂಬಳದ ಮೇಲೆ ಹೆಸರು ಕೆತ್ತಿಸಲಾಗದು, ನಿಜ.

ಕಲಿಸುವವರು ಏಕೆ ಬೇಕು ಎಂಬುದಕ್ಕೆ ಒಂದು ಉದಾಹರಣೆ ಡೆಲಿರಿಯಂ: ಇದ್ದಕ್ಕಿದ್ದಂತೆ ಗಮನ ತಪ್ಪಿ ಮನಸ್ಸು ಗೊಂದಲಕ್ಕೀಡಾಗುವ ಸ್ಥಿತಿ. ಅದೆಂದರೆ ಕಿರುಚಾಟ, ಡ್ರಿಪ್ ಕಿತ್ತೆಸೆಯುವುದು ಎಂದಷ್ಟೇ ವಿದ್ಯಾರ್ಥಿಗಳಿಗೆ ಗೊತ್ತು. ಕಣ್ತಪ್ಪುವುದು ಸದ್ದಿಲ್ಲದ ಬಗೆ. ನಿನ್ನೆ ಮಾತಾಡುತ್ತಿದ್ದ ಅಜ್ಜಿ ಇವತ್ತು ಮಂಕಾಗಿ ಮಲಗಿದ್ದರೆ, ಚಾರ್ಟಿನಲ್ಲಿ ‘ಶಾಂತವಾಗಿದ್ದಾರೆ’ ಎಂದು ಬರೆದು ಮುಂದಿನ ಹಾಸಿಗೆಗೆ ನಡೆ! ಪಕ್ಕದಲ್ಲಿ ಪಳಗಿದ ಶಿಕ್ಷಕಿ ಇದ್ದರೆ, ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿಸು ಎನ್ನುತ್ತಾರೆ. ಶನಿವಾರ, ಶುಕ್ರವಾರ... ಅಷ್ಟಕ್ಕೇ ತಡೆದು ಅಜ್ಜಿ ಕಿಟಕಿ ನೋಡತೊಡಗಿದರೆ ಗಮನ ನಿಲ್ಲುತ್ತಿಲ್ಲ. ಇದು ಮೊದಲಿನಿಂದಲೋ ನಿನ್ನೆಯಿಂದಲೋ ಎಂದು ಮನೆಯವರನ್ನು ಕೇಳಬೇಕು. ಮೂತ್ರ ಕಟ್ಟಿದೆಯೇ, ಸೋಂಕಿದೆಯೇ, ಹೊಸ ನಿದ್ದೆ ಮಾತ್ರೆ ಶುರುವಾಗಿದೆಯೇ, ಕಿವಿಯ ಮಷೀನ್ ಡ್ರಾಯರಿನಲ್ಲೇ ಉಳಿದಿದೆಯೇ? ಮ್ಯಾನಿಕಿನ್‌ಗೆ ನಾಡಿ ಬಡಿಯುತ್ತದೆ, ಗಮನ ತಪ್ಪುವುದಿಲ್ಲ. ಕ್ಯಾಥೆಟರ್ ಹಾಕಿ ಕಲಿಯಲು ಅದು ಬೇಕೇ ಬೇಕು, ಇದಕ್ಕಲ್ಲ.

ಒಬ್ಬ ಶಿಕ್ಷಕಿಯ ಹಿಂದೆ 20 ವಿದ್ಯಾರ್ಥಿಗಳಿದ್ದರೆ ಹೀಗೆ ಕಲಿಸುವುದು ಆಗದ ಮಾತು. ಆರೆಂಟು ಮಂದಿಯಾದರೆ ಆದೀತು.

ಈಗ ಲೆಕ್ಕ. ಮೂಲಧನ ಕರಗದಂತೆ ವರ್ಷಕ್ಕೆ ಶೇ. 4ರಷ್ಟೇ ತೆಗೆಯುವುದಾದರೆ, ಒಂದು ಹುದ್ದೆಗೆ ವಾರ್ಷಿಕ ಸಂಬಳದ 25 ಪಟ್ಟು ಇಡಬೇಕು. ಅಷ್ಟಾಗದಿದ್ದರೆ, ವಾರ್ಡಿನ ಅನುಭವಿ ನರ್ಸ್ ಒಬ್ಬರನ್ನು ವಾರಕ್ಕೆರಡು ದಿನ ಬೋಧನೆಗೆ ಬಿಡಿಸಿ, ಆ ಪಾಳಿಗೆ ಬರುವ ಬದಲಿಯವರ ಸಂಬಳ ಕೊಡಬಹುದು. ಬದಲಿಯವರ ವಿಷಯ ಕರಾರಿನಲ್ಲಿ ಇರಲೇಬೇಕು. ಇಲ್ಲದಿದ್ದರೆ ಸಿಬ್ಬಂದಿ ಕಡಿಮೆಯಾದ ಮೊದಲ ವಾರವೇ ಅವರು ಪಾಳಿಗೆ ವಾಪಸ್.

ಇದು ಹೊಸ ಬುದ್ಧಿಯೇನಲ್ಲ. ಅಮೆರಿಕದ ಜಾನ್ ಎ. ಹಾರ್ಟ್‌ಫರ್ಡ್ ಫೌಂಡೇಷನ್ 2000ರಲ್ಲಿ ಈ ಕ್ಷೇತ್ರಕ್ಕೆ ಆರಂಭಿಸಿದ ಕಾರ್ಯಕ್ರಮದಲ್ಲಿ ಪಿಎಚ್‌.ಡಿ. ಮಾಡುವ ಹಾಗೂ ಮುಗಿಸಿದ ನರ್ಸ್‌ಗಳಿಗೆ ಹಣ ಕೊಟ್ಟಿತು, ಕಲಿಸಬಲ್ಲವರು ತಯಾರಾಗಲೆಂದು.

ಲ್ಯಾಬಿಗೋ ವಿದ್ಯಾರ್ಥಿವೇತನಕ್ಕೋ ಕೊಡುವುದು ತಪ್ಪೆಂದು ಹೇಳುತ್ತಿಲ್ಲ. ಕಾಲೇಜು ನೋಡಿ ನಿರ್ಧರಿಸಬೇಕು. ಆದರೆ ವೃದ್ಧರ ಶುಶ್ರೂಷೆಯನ್ನು ಎಲ್ಲಿ ಕಲಿಸುತ್ತೀರಿ ಎಂದು ಕೇಳಿದಾಗ ‘ವೃದ್ಧರ ವಿಷಯ ಎಲ್ಲ ಪಠ್ಯವಿಷಯಗಳಲ್ಲೂ ಸೇರಿದೆ’ ಎಂಬ ಉತ್ತರ ಬಂದರೆ ಚೆಕ್ ಬರೆಯುವ ಮುಂಚೆ ವೇಳಾಪಟ್ಟಿ ತರಿಸಿ. ವಾರ್ಡಿನಲ್ಲಿ ಎಷ್ಟು ಗಂಟೆ, ಜೊತೆಗೆ ನಿಲ್ಲುವವರು ಯಾರು ಎಂಬುದನ್ನು ಅದರಲ್ಲೇ ಹುಡುಕಿ.