95 ಪರ್ಸೆಂಟ್ ಇದ್ದರೂ ಶಾಟ್ ಮಿಸ್ ಆಗುವುದು ಯಾಕೆ?

ಪ್ರಶ್ನೆ: ಎಕ್ಸ್‌ಕಾಮ್ 2ರಲ್ಲಿ (ಸೈನಿಕರ ತಂಡ ಕಟ್ಟಿ ಸರದಿ ಪ್ರಕಾರ ಏಲಿಯನ್‌ಗಳ ಜೊತೆ ಹೋರಾಡುವ ವಿಡಿಯೋ ಗೇಮ್) ಏಲಿಯನ್ ಪಕ್ಕದಲ್ಲೇ ನಿಂತು ಶಾಟ್‌ಗನ್ ಹೊಡೆದರೂ ಮಿಸ್ ಆಗುತ್ತದೆ. ಸ್ಕ್ರೀನ್ ಮೇಲೆ ಗುರಿ ತಗುಲುವ ಸಾಧ್ಯತೆ 95 ಪರ್ಸೆಂಟ್ ಅಂತ ಇರುತ್ತದೆ. ಆಟ ನಮಗೆ ಮೋಸ ಮಾಡುತ್ತಿದೆ ಅಲ್ವಾ? ಇದರಲ್ಲಿ ರಿಯಲಿಸಂ ಎಲ್ಲಿ ಬಂತು?

ಉತ್ತರ: ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ನನಗೇ ಲೆಕ್ಕ ಸಿಗುತ್ತಿಲ್ಲ. ಇವತ್ತು ಪೂರ್ತಿ ಬಿಡಿಸಿ ಹೇಳುತ್ತೇನೆ. ಇನ್ನು ಮುಂದೆ ಯಾರಾದರೂ ಕೇಳಿದರೆ ಇದನ್ನೇ ಓದಲು ಕೊಡಿ.

ಆಟ ಮೋಸ ಮಾಡುವುದು ನಿಜ. ಮಾಡುವುದು ನಿಮ್ಮ ಪರವಾಗಿ.

ಮೊದಲು ಸಾದಾ ಲೆಕ್ಕ ನೋಡೋಣ. 95 ಪರ್ಸೆಂಟ್ ಅಂದರೆ ಇಪ್ಪತ್ತು ಶಾಟಿಗೆ ಸರಾಸರಿ ಒಂದು ಮಿಸ್. ಅಂಥ ಇಪ್ಪತ್ತು ಶಾಟ್ ಹೊಡೆದರೆ ಒಂದಾದರೂ ತಪ್ಪುವ ಸಾಧ್ಯತೆ 64 ಪರ್ಸೆಂಟ್. ತಗುಲಿದ ಶಾಟ್‌ಗಳನ್ನು ಯಾರೂ ನೆನಪಿಡುವುದಿಲ್ಲ. ತಪ್ಪಿದ ಆ ಒಂದರಿಂದ ನಿಮ್ಮ ರೇಂಜರ್ (ಶಾಟ್‌ಗನ್ ಹಿಡಿಯುವ ಸೈನಿಕಳು) ಸತ್ತಳು, ಅದು ಮಾತ್ರ ಎದೆಯಲ್ಲಿ ಕೂತಿರುತ್ತದೆ. "80 ಪರ್ಸೆಂಟ್ ಇದ್ದದ್ದು ಸಾಲಾಗಿ ಮೂರು ಸಲ ತಪ್ಪಿತು, ಅದಕ್ಕೇನು ಹೇಳ್ತೀರಿ?" ಅಂತಲೂ ಕೇಳುತ್ತಾರೆ. ಅದು 125 ಸಲಕ್ಕೆ ಒಮ್ಮೆ ಆಗುವ ಸಂಗತಿ. ನೂರು ಗಂಟೆ ಆಡಿದವರಿಗೆ ಅದು ಬರದೇ ಇದ್ದರೆ ಆಶ್ಚರ್ಯ.

ಈಗ ಮೋಸದ ವಿಷಯಕ್ಕೆ ಬರೋಣ. ರೂಕಿ, ವೆಟರನ್ ಅನ್ನುವ ಸುಲಭದ ಹಂತಗಳಲ್ಲಿ 50ಕ್ಕಿಂತ ಜಾಸ್ತಿ ಇರುವ ಶಾಟ್ ತಪ್ಪಿದರೆ, ಮುಂದಿನ ಶಾಟಿಗೆ ಆಟ ಸದ್ದಿಲ್ಲದೆ 10 ಸೇರಿಸುತ್ತದೆ. ಏಲಿಯನ್‌ಗಳು ಸಾಲಾಗಿ ನಿಮ್ಮವರಿಗೆ ಹೊಡೆದರೆ ಅವುಗಳ ಗುರಿಯನ್ನು ತಗ್ಗಿಸುತ್ತದೆ. ಸ್ಕ್ರೀನ್ ಮೇಲಿನ ಸಂಖ್ಯೆ ಮಾತ್ರ ಇದ್ದ ಹಾಗೇ ಇರುತ್ತದೆ. ಸುಮ್ನೆ ಹೇಳುತ್ತಿಲ್ಲ, ಇದೆಲ್ಲ ಆಟದ ಸೆಟ್ಟಿಂಗ್ ಬರೆದಿರುವ ಕಾನ್ಫಿಗ್ ಫೈಲ್‌ನಲ್ಲೇ ಇದೆ. ತೆರೆದು ನೋಡಿ. ಈ ಸಹಾಯ 95 ಮುಟ್ಟಿದ ಮೇಲೆ ನಿಲ್ಲುತ್ತದೆ. ಹಾಗಾಗಿ ನಿಮ್ಮ ಶಾಟ್‌ಗನ್ನಿನ 95 ಅಪ್ಪಟ 95. ಎಲ್ಲಕ್ಕಿಂತ ಕಷ್ಟದ ಲೆಜೆಂಡ್ ಹಂತದಲ್ಲಿ ಈ ಸಹಾಯವೇ ಇಲ್ಲ.

ಯಾಕೆ ಹೀಗೆ ಮಾಡಿದರು? ನಿಜವಾದ ಲೆಕ್ಕವನ್ನು ಹಾಗೇ ಇಟ್ಟರೆ ನಮಗೆ ಅದು ಅನ್ಯಾಯ ಅನಿಸುತ್ತದೆ. 2010ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಸಿವಿಲೈಸೇಶನ್ ಆಟ ರೂಪಿಸಿದ ಸಿಡ್ ಮೈಯರ್ ಇದನ್ನೇ ವಿವರಿಸಿದರು. ಎದುರಾಳಿಗಿಂತ ಮೂರು ಪಟ್ಟು ಬಲ ತಮ್ಮ ಕಡೆ ಇದ್ದಾಗ ಸೋಲುವುದನ್ನು ಆಟಗಾರರು ಒಪ್ಪಲೇ ಇಲ್ಲ. ಅದೇ ಬಲ ಎದುರಾಳಿ ಕಡೆ ಇದ್ದು ತಾವು ಗೆದ್ದಾಗ ಯಾರದ್ದೂ ತಕರಾರಿಲ್ಲ. ಫೈರ್ ಎಂಬ್ಲೆಮ್ ಅನ್ನುವ ಜಪಾನಿ ಆಟಗಳ ಸರಣಿ 2002ರಲ್ಲೇ ಇದಕ್ಕೆ ಒಂದು ಉಪಾಯ ಕಂಡುಕೊಂಡಿತ್ತು. ಸಾಮಾನ್ಯವಾಗಿ ಆಟ ನೂರರೊಳಗೆ ಒಂದು ಸಂಖ್ಯೆ ಎತ್ತುತ್ತದೆ, ಅದು ತೋರಿಸಿದ್ದಕ್ಕಿಂತ ಕಡಿಮೆ ಇದ್ದರೆ ಏಟು ತಗುಲಿತು ಅಂತ ಲೆಕ್ಕ. ಇಲ್ಲಿ ಒಂದರ ಬದಲು ಎರಡು ಎತ್ತಿ ಸರಾಸರಿ ತೆಗೆಯುವುದು. ಆಗ ತೋರಿಸುವ 75 ನಿಜದಲ್ಲಿ ಸುಮಾರು 88 ಆಗುತ್ತದೆ. 90 ಸುಮಾರು 98 ಆಗುತ್ತದೆ. 25 ಇದ್ದದ್ದು 13ರ ಹತ್ತಿರಕ್ಕೆ ಇಳಿಯುತ್ತದೆ. ಮನಸ್ಸು 90ನ್ನು ಹೇಗೆ ಓದುತ್ತದೋ ಆಟವೂ ಹಾಗೇ ನಡೆದುಕೊಳ್ಳುತ್ತದೆ. ನನಗೆ ತುಂಬಾ ಇಷ್ಟವಾದ ಜಾಣತನ ಇದು.

ನಿಮ್ಮ ದೂರಿನಲ್ಲಿ ಒಂದು ಮಾತು ಮಾತ್ರ ಸರಿ. ಅದು ಚಿತ್ರದ ವಿಷಯ. ಕೋವಿಯ ಬಾಯಿ ಏಲಿಯನ್ ಎದೆಗೆ ತಾಗಿದ ಹಾಗೆ ಕಾಣುತ್ತದೆ, ಅದು ಕದಲದೆ ನಿಂತಿರುತ್ತದೆ, ಗುಂಡು ಹೆಗಲ ಮೇಲಿಂದ ಹಾರಿ ಹಿಂದಿನ ಗೋಡೆಗೆ ಬಡಿಯುತ್ತದೆ. ಸರದಿಯ ಆಟದಲ್ಲಿ ಎಲ್ಲರೂ ಒಟ್ಟಿಗೇ ಓಡಾಡುತ್ತಿದ್ದಾರೆ, ಬಗ್ಗುತ್ತಿದ್ದಾರೆ ಅಂತ ನಾವು ಅಂದುಕೊಳ್ಳಬೇಕು. ಸಂಖ್ಯೆಗೆ ಅದು ಗೊತ್ತು, ಚಿತ್ರಕ್ಕೆ ಗೊತ್ತಿಲ್ಲ. ಇಲ್ಲಿ ಕಣ್ಣಿಗೆ ಸಿಟ್ಟು ಬರುವುದು ನ್ಯಾಯವೇ.

ಎಕ್ಸ್‌ಕಾಮ್ ಸರಣಿಯನ್ನು ಶುರು ಮಾಡಿದ ಜೂಲಿಯನ್ ಗೊಲೊಪ್ 1994ರ ಮೂಲ ಆಟದಲ್ಲಿ ತಪ್ಪಿದ ಗುಂಡನ್ನೂ ಮುಂದೆ ಹಾರಲು ಬಿಟ್ಟಿದ್ದರು. ಅದು ಗೋಡೆ ಒಡೆಯಬಹುದು, ನಿಮ್ಮವನಿಗೇ ತಗುಲಬಹುದು. ಅವರದೇ ಫೀನಿಕ್ಸ್ ಪಾಯಿಂಟ್ (2019) ಗುರಿ ಇಟ್ಟ ಕಡೆ ಎರಡು ವೃತ್ತ ತೋರಿಸುತ್ತದೆ. ಅರ್ಧ ಗುಂಡು ಒಳವೃತ್ತದಲ್ಲಿ, ಉಳಿದವು ಹೊರವೃತ್ತದೊಳಗೆ. ಹತ್ತಿರ ಹೋದರೆ ಶತ್ರುವಿನ ಮೈಯೇ ವೃತ್ತವನ್ನೆಲ್ಲ ತುಂಬುತ್ತದೆ, ಮಿಸ್ ಆಗಲು ಜಾಗವೇ ಇರುವುದಿಲ್ಲ. ನಿಮಗೆ ಬೇಕಾದ ರಿಯಲಿಸಂ ಅಲ್ಲಿದೆ, ಆಡಿ ನೋಡಿ. ಇನ್ನೊಂದು ತುದಿಯಲ್ಲಿ ಇನ್‌ಟು ದ ಬ್ರೀಚ್ (2018) ಇದೆ. ಅಲ್ಲಿ ನಿಮ್ಮ ಹೊಡೆತ ತಪ್ಪುವುದೇ ಇಲ್ಲ, ಶತ್ರು ಎಲ್ಲಿ ಹೊಡೆಯುತ್ತದೆ ಅನ್ನುವುದೂ ಮೊದಲೇ ಕಾಣುತ್ತದೆ. ಯುದ್ಧ ಹಾಗಿರುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ ಒಂದು ಸರದಿಗೆ ಹತ್ತು ನಿಮಿಷ ತಲೆ ಕೆರೆದುಕೊಂಡು ಕೂರುತ್ತೇವೆ.

ಯಾರೂ ಕೇಳಿಲ್ಲ, ಆದರೂ ಇನ್ನೊಂದು ಹೇಳಿಬಿಡುತ್ತೇನೆ. ಆಟ ಮೋಸ ಅನ್ನುವ ನಂಬಿಕೆ ಇಷ್ಟು ಗಟ್ಟಿಯಾಗಲು ಇದೂ ಕಾರಣ. ಸೇವ್ ಮಾಡಿ, ಶಾಟ್ ಹೊಡೆದು, ಮಿಸ್ ಆಯಿತು ಅಂತ ಲೋಡ್ ಮಾಡಿ ಮತ್ತೆ ಹೊಡೆಯುತ್ತೀರಿ. ಮತ್ತೆ ಮಿಸ್. ಹತ್ತು ಸಲ ಮಾಡಿದರೂ ಅದೇ. "ನೋಡಿ, ಮೊದಲೇ ನಿರ್ಧಾರ ಮಾಡಿಟ್ಟಿದ್ದಾರೆ!" ಅನ್ನುತ್ತೀರಿ. ನಡೆಯುವುದು ಇಷ್ಟೇ: ಸೇವ್ ಜೊತೆಗೆ ರ್‍ಯಾಂಡಮ್ ಸೀಡ್ (ಆಟ ಮುಂದೆ ಎತ್ತುವ ಸಂಖ್ಯೆಗಳ ಸಾಲನ್ನು ನಿರ್ಧರಿಸುವ ಬೀಜಸಂಖ್ಯೆ) ಕೂಡ ಉಳಿಯುತ್ತದೆ. ಚೀಟಿಗಳನ್ನು ಒಂದರ ಮೇಲೊಂದು ಜೋಡಿಸಿಟ್ಟ ಹಾಗೆ. ಲೋಡ್ ಮಾಡಿದಾಗ ಅದೇ ಕಟ್ಟು, ಅದೇ ಕ್ರಮ. ಚೀಟಿಯಲ್ಲಿ ಯಾರ ಹೆಸರೂ ಇರುವುದಿಲ್ಲ, ಮೊದಲು ಕೈ ಹಾಕಿದವರಿಗೆ ಮೇಲಿನದು. ಮುಂದಿನ ಸಲ ಲೋಡ್ ಮಾಡಿದಾಗ ನಿಮ್ಮ ರೇಂಜರ್‌ಗಿಂತ ಮೊದಲು ಬೇರೊಬ್ಬ ಸೈನಿಕನಿಂದ ಒಂದು ಶಾಟ್ ಹೊಡೆಸಿ. ಆ ಕೆಟ್ಟ ಚೀಟಿ ಅವನ ಕೈಗೆ ಹೋಗಲಿ.