ಸಾಫ್ಟ್‌ವೇರ್ ಸವೆಯಲ್ಲ ಅಂದ್ಮೇಲೆ ಪದೇ ಪದೇ ಅಪ್‌ಡೇಟ್ ಯಾಕೆ?

ಓದುಗರ ಪ್ರಶ್ನೆ: ಮಿಕ್ಸಿ ಆದ್ರೆ ಬ್ಲೇಡ್ ಸವೆಯುತ್ತೆ, ರಿಪೇರಿ ಬೇಕು. ಸಾಫ್ಟ್‌ವೇರ್‌ನಲ್ಲಿ ಸವೆಯೋಕೆ ಏನಿದೆ? ಒಮ್ಮೆ ಸರಿಯಾಗಿ ಬರೆದರೆ ಮುಗೀತಲ್ವಾ?

ಸವೆಯಲ್ಲ ಅನ್ನೋದು ನಿಜ. ಇಪ್ಪತ್ತು ವರ್ಷ ಹಳೆಯ ಕೋಡ್‌ನಲ್ಲೂ ಒಂದಕ್ಷರ ತಾನಾಗಿ ಬದಲಾಗಿರುವುದಿಲ್ಲ. ಬದಲಾಗುವುದು ಅದರ ಸುತ್ತಮುತ್ತಲಿನದು. 2017ರ ಜೂನ್ 30ರಂದು ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ವ್ಯಾಟ್ ಲೆಕ್ಕವನ್ನು ಸರಿಯಾಗೇ ಹಾಕುತ್ತಿತ್ತು. ಬೆಳಗಾದರೆ ಜಿಎಸ್‌ಟಿ. ಅದೇ ಕಂಪ್ಯೂಟರ್, ಅದೇ ಸಾಫ್ಟ್‌ವೇರ್, ಆದರೆ ಬಿಲ್ ತಪ್ಪು.

ಇದಕ್ಕಿಂತ ದೊಡ್ಡ ಉದಾಹರಣೆ ಯುರೋಪಿನ ಏರಿಯಾನ್ 5 ರಾಕೆಟ್. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂನಿಂದ ಮೊದಲ ಸಲ ಹಾರಿತು, ಸುಮಾರು 40 ಸೆಕೆಂಡಿನಲ್ಲೇ ಚೂರುಚೂರಾಯಿತು. ಹೊತ್ತಿದ್ದ 4 ಉಪಗ್ರಹಗಳೂ ಹೋದವು. ದಿಕ್ಕು, ವೇಗ ಅಳೆಯುವ ಸಾಫ್ಟ್‌ವೇರನ್ನು ಏರಿಯಾನ್ 4ರಿಂದ ಹಾಗೇ ಎತ್ತಿಕೊಂಡಿದ್ದರು, ಅಲ್ಲಿ ಅದು ಚೆನ್ನಾಗಿ ಕೆಲಸ ಮಾಡಿತ್ತಲ್ಲ. ಆದರೆ ಹೊಸ ರಾಕೆಟ್ ಅಡ್ಡಕ್ಕೆ ಇನ್ನೂ ಬೇಗ ವೇಗ ಹಿಡಿಯುತ್ತಿತ್ತು. 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ಗೆ ಇಳಿಸುವ ಜಾಗ ಒಂದಿತ್ತು; ಅಷ್ಟು ಚಿಕ್ಕ ಜಾಗದಲ್ಲಿ ಹೆಚ್ಚೆಂದರೆ 32,767 ಹಿಡಿಯುತ್ತೆ. ಅದಕ್ಕಿಂತ ದೊಡ್ಡದು ಬಂತು, ಹಿಡಿಯಲಿಲ್ಲ, ಈ ಲೆಕ್ಕ ಹಾಕುತ್ತಿದ್ದ ಕಂಪ್ಯೂಟರ್ ನಿಂತಿತು. ಬದಲಿಗೆ ಅಂತ ಇಟ್ಟಿದ್ದ ಇನ್ನೊಂದರಲ್ಲೂ ಅದೇ ಸಾಫ್ಟ್‌ವೇರ್ ಇತ್ತು, ಅದೂ ನಿಂತಿತು. ರಾಕೆಟ್ ದಿಕ್ಕು ತಪ್ಪಿ ಒಡೆಯಿತು. ಬೇಸರದ ಸಂಗತಿ ಅಂದ್ರೆ, ಆ ಲೆಕ್ಕ ಹಾರಿದ ಮೇಲೆ ಏರಿಯಾನ್ 5ಕ್ಕೆ ಬೇಕೇ ಇರಲಿಲ್ಲ.

ಬರೆದವರು ಅಸಡ್ಡೆಯವರೇನಲ್ಲ. ಅಂಥ 7 ಸಂಖ್ಯೆಗಳನ್ನು ನೋಡಿ, ಕಂಪ್ಯೂಟರ್ ಮೇಲೆ ಹೊರೆ ಜಾಸ್ತಿ ಆಗಬಾರದು ಅಂತ 4ಕ್ಕೆ ಮಾತ್ರ, ಮಿತಿ ಮೀರಿದರೂ ಕಂಪ್ಯೂಟರ್ ನಿಲ್ಲದಂತೆ, ಕಾವಲು ಹಾಕಿದ್ದರು. ಉಳಿದ 3 ಮಿತಿ ಮೀರಲ್ಲ ಅನ್ನೋದು ಹಳೆಯ ರಾಕೆಟ್ಟಿಗೆ ನಿಜವೂ ಆಗಿತ್ತು. ಆದರೆ ಯಾಕೆ ಬಿಟ್ಟೆವು ಅನ್ನೋ ಕಾರಣವನ್ನು ಕೋಡ್‌ನಲ್ಲೇ ಬರೆದಿಡಲಿಲ್ಲ, ಹೊಸ ರಾಕೆಟ್ಟಿನ ಹಾದಿಯ ಅಂಕಿಗಳನ್ನು ಕೊಟ್ಟು ಪರೀಕ್ಷೆಯನ್ನೂ ಮಾಡಲಿಲ್ಲ. ಸಾಫ್ಟ್‌ವೇರ್ ತಯಾರಿಯಲ್ಲಿ ಕೋಡ್ ಬರೆಯುವುದು ಒಂದು ಪಾಲು ಅಷ್ಟೇ. ಏನನ್ನು ನಂಬಿ ಬರೆದೆವು ಅಂತ ದಾಖಲಿಸುವುದು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುವುದು, ಪರಿಸ್ಥಿತಿ ಬದಲಾದಾಗ ಮತ್ತೆ ಟೆಸ್ಟ್ ಮಾಡುವುದು, ಇವೆಲ್ಲ ಅಷ್ಟೇ ಮುಖ್ಯ. ಗಡುವು ಹತ್ತಿರ ಬಂದಾಗ ಮೊದಲು ಕತ್ತರಿ ಬೀಳುವುದು ಇವಕ್ಕೇ, ಅದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ.

ಹಾಗಾದ್ರೆ ಫೋನಿಗೆ ಬರುವ ಎಲ್ಲ ಅಪ್‌ಡೇಟ್ ಹಾಕಬೇಕಾ? ಬಣ್ಣ, ಬಟನ್ ಬದಲಾಯಿಸುವವು ನಾಲ್ಕು ದಿನ ಕಾಯಲಿ, ಪರವಾಗಿಲ್ಲ. ಸೆಕ್ಯುರಿಟಿ ಅಪ್‌ಡೇಟ್ ಮಾತ್ರ ತಡ ಮಾಡಬೇಡಿ. ಇಂಟರ್ನೆಟ್ಟಿನಲ್ಲಿ ಮಾಹಿತಿಯನ್ನು ಗುಟ್ಟಾಗಿ ಕಳಿಸಲು ಬಳಸುವ ಓಪನ್‌ಎಸ್‌ಎಸ್‌ಎಲ್ ಅನ್ನೋ ಸಾಫ್ಟ್‌ವೇರಿನ ‘ಹಾರ್ಟ್‌ಬ್ಲೀಡ್’ ದೋಷ 2012ರಿಂದಲೇ ಇತ್ತು, ಬಯಲಾದದ್ದು 2014ರ ಏಪ್ರಿಲ್‌ನಲ್ಲಿ. ದೋಷ ಮುಚ್ಚುವ ತೇಪೆ, ಅಂದ್ರೆ ಸೆಕ್ಯುರಿಟಿ ಅಪ್‌ಡೇಟ್, ಬಿಡುಗಡೆಯಾದ ದಿನವೇ ತೂತು ಎಲ್ಲಿದೆ ಅನ್ನೋದು ಕಳ್ಳರಿಗೂ ಗೊತ್ತಾಗುತ್ತೆ. ಅಪ್‌ಡೇಟ್ ಹಾಕದ ಫೋನುಗಳನ್ನೇ ಅವರು ಹುಡುಕುವುದು.